ಊಟ ನಿನ್ನದು, ಹಸಿವು ನಮ್ಮದು

ನಮ್ಮ ಯಜಮಾನರಿಗೆ ಬಾಯಾರಿದರೂ ಊಟದ ಪ್ರಾರ್ಥನೆ, ಬೆನ್ನು ಕೆರೆದರೂ ಊಟದ ಪ್ರಾರ್ಥನೆ, ಶೌಚಕ್ಕೆ ಅವಸರವಾದರೂ ಊಟದ ಪ್ರಾರ್ಥನೆ.

“ಕರ್ತನೇ, ಊಟ ನಿನ್ನದು, ಹಸಿವು ನಮ್ಮದು, ಎರಡನ್ನೂ ಒಂದೇ ಮೇಜಿಗೆ ತಂದಿದ್ದಕ್ಕೆ ಸ್ತೋತ್ರ, ಆಮೆನ್!”

ಬೆಳಗ್ಗೆ ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿ ಚಪ್ಪಲಿ ಹುಡುಕುತ್ತಿರುವಾಗ ಒಳಗಿನ ಕೋಣೆಯಿಂದ ಇದು ಕೇಳಿಸುತ್ತಿತ್ತು. ಓಡಿಹೋಗಿ ನೀರಿನ ಲೋಟ ಹಿಡಿಯುತ್ತಿದ್ದೆ. ಅಲ್ಲ. ದಿಂಬು ಸರಿಸುತ್ತಿದ್ದೆ. ಅಲ್ಲ. ಕಿಟಕಿ ತೆರೆಯುತ್ತಿದ್ದೆ. ಅಲ್ಲವೇ ಅಲ್ಲ. ಅಷ್ಟರಲ್ಲಿ ಪ್ರಾರ್ಥನೆಯ ದನಿ ಏರುತ್ತಿತ್ತು. ‘ಸ್ತೋತ್ರ’ ಎನ್ನುವಲ್ಲಿ ಹಲ್ಲು ಕಚ್ಚುತ್ತಿದ್ದರು, ‘ಆಮೆನ್’ ಎನ್ನುವಲ್ಲಿ ಎಡಗೈಯಿಂದ ಮಂಚಕ್ಕೆ ಗುದ್ದುತ್ತಿದ್ದರು. ಕೊನೆಗೆ ನನಗೆ ಗೊತ್ತಾಗುತ್ತಿದ್ದದ್ದು ಹಾಸಿಗೆ ಒದ್ದೆಯಾದ ಮೇಲೆ. ನಾನು ಗೊಣಗುತ್ತಾ ಬಟ್ಟೆ ಬದಲಿಸುತ್ತಿದ್ದೆ, ಅವರು ಸಿಟ್ಟಿನಿಂದ ಇನ್ನೊಮ್ಮೆ ಪ್ರಾರ್ಥಿಸುತ್ತಿದ್ದರು, ಹೊರಗೆ ನನ್ನ ಬಸ್ಸು ಹೋಗಿಬಿಡುತ್ತಿತ್ತು. ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದದ್ದು ಹೀಗೆ.

ಇವರು ಮಾತಿನಿಂದಲೇ ಅನ್ನ ದುಡಿದವರು. ತರಕಾರಿಯ ಸಗಟು ಮಾರುಕಟ್ಟೆಯಲ್ಲಿ ಹರಾಜು ಕೂಗುವುದು ಇವರ ಕೆಲಸ. ಅಲ್ಲಿ ಎಲ್ಲರೂ ‘ರೇಡಿಯೋ’ ಎಂದೇ ಕರೆಯುತ್ತಿದ್ದರು. ಹೆಸರು ಹಿಡಿದು ಕೇಳಿಕೊಂಡು ಬಂದವರನ್ನು ‘ಅಂಥವರು ಯಾರೂ ಇಲ್ಲಿಲ್ಲ’ ಎಂದು ವಾಪಸು ಕಳಿಸಿದ್ದೂ ಉಂಟು. ಮನೆಗೆ ಬಂದ ಮೇಲಾದರೂ ರೇಡಿಯೋ ಆಫ್ ಆಗುತ್ತಿತ್ತೇ ಎಂದರೆ, ಇಲ್ಲ. ನಿದ್ದೆಯಲ್ಲೂ ಟೊಮೆಟೊ ಮಾರುತ್ತಿದ್ದರು. “ದಮ್ಮಯ್ಯ, ಒಂದು ಗಳಿಗೆ ಬಾಯಿ ಮುಚ್ಕೊಳ್ಳಿ” ಎಂದರೆ, “ಬಾಯಿ ಮುಚ್ಚಿದ್ರೆ ನಿನ್ನನ್ನ ಮದುವೆಗೆ ಒಪ್ಪಿಸೋಕಾಗ್ತಿತ್ತಾ?” ಎಂದು ಅದಕ್ಕೂ ಒಂದು ಮಾತು ಜೋಡಿಸುತ್ತಿದ್ದರು. ನನ್ನ ಮುಖದ ಗಂಟು ಅಲ್ಲಿಗೆ ಬಿಚ್ಚಿಕೊಳ್ಳುತ್ತಿತ್ತು.

ಆ ದಿನ ಈರುಳ್ಳಿ ಮೂಟೆಗಳ ಪಕ್ಕ ಕಲ್ಲಿನ ಮೇಲೆ ನಿಂತು ಕೂಗುತ್ತಿದ್ದವರು ಅರ್ಧಕ್ಕೇ ನಿಂತರಂತೆ. ಬಾಯಿ ತೆರೆದೇ ಇತ್ತಂತೆ. ಕೊಳ್ಳಲು ಬಂದಿದ್ದವರು ಇದು ರೇಡಿಯೋನ ಹೊಸ ನಾಟಕ, ಬೆಲೆ ಏರಿಸಲು ಸುಮ್ಮನಾಗಿದ್ದಾನೆ ಎಂದುಕೊಂಡು ತಾವೇ ಕೂಗಿ ಏರಿಸುತ್ತಾ ಹೋದರಂತೆ. ಅಷ್ಟು ಒಳ್ಳೆಯ ಬೆಲೆ ಆ ಮೂಟೆಗಳಿಗೆ ಹಿಂದೆಂದೂ ಬಂದಿರಲಿಲ್ಲವಂತೆ. ಇವರು ಬಲಕ್ಕೆ ವಾಲಿ ಬಿದ್ದ ಮೇಲೆಯೇ ಜನಕ್ಕೆ ತಿಳಿದದ್ದು. ಆಸ್ಪತ್ರೆಗೆ ಬಂದ ಹಮಾಲಿಯೊಬ್ಬ ಇದನ್ನು ಅಳುತ್ತಾ ಹೇಳಿದ. ನಗಬೇಕೋ ಅಳಬೇಕೋ ತಿಳಿಯದೆ ನಾನು ಅವನಿಗೇ ಚಹಾ ತರಿಸಿಕೊಟ್ಟೆ.

ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು, ಮೂರೂ ಹೋಗಿದ್ದವು. ಎಷ್ಟೋ ದಿನ ಒಂದು ಸದ್ದೂ ಇಲ್ಲ. ಒಂದು ಮಧ್ಯಾಹ್ನ ನರ್ಸಮ್ಮ ಊಟದ ತಟ್ಟೆ ಮುಂದಿಟ್ಟಾಗ ಇದ್ದಕ್ಕಿದ್ದಂತೆ, ತೊದಲದೆ, ಸ್ಪಷ್ಟವಾಗಿ, “ಕರ್ತನೇ, ಊಟ ನಿನ್ನದು” ಎಂದು ಶುರುಮಾಡಿ ಆಮೆನ್‌ವರೆಗೂ ಹೇಳಿಬಿಟ್ಟರು. ಅದು ಇವರ ತಾಯಿ, ನನ್ನ ಅತ್ತೆ, ಮಕ್ಕಳಿಗಾಗಿ ತಾನೇ ಕಟ್ಟಿದ ಪ್ರಾರ್ಥನೆ. ಇವರು ಹುಟ್ಟಿದಾಗಿನಿಂದ ಕೇಳಿದ್ದು. ನಾನು ಸಂತೋಷದಿಂದ ನರ್ಸಮ್ಮನನ್ನು ಅಪ್ಪಿಕೊಂಡು ಅವರ ಟೋಪಿ ಬೀಳಿಸಿದೆ. ಕದ ತೆರೆಯಿತು, ಇನ್ನು ಉಳಿದ ಮಾತೆಲ್ಲ ಸಾಲಾಗಿ ಬರುತ್ತದೆ ಎಂದುಕೊಂಡೆ. ಬರಲಿಲ್ಲ. ಬಂದದ್ದು ಅದೊಂದೇ.

ಮಾತು ಕಲಿಸುವ ಡಾಕ್ಟರಮ್ಮ ನನ್ನನ್ನು ಕೂರಿಸಿಕೊಂಡು ಹೇಳಿದರು: “ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ್ದು ತಲೆಯಲ್ಲಿ ಬೇರೆ ಕಡೆ ಇರುತ್ತಮ್ಮ. ಅದು ಉಳ್ಕೊಂಡಿದೆ. ಯೋಚನೆ ಮಾಡಿ ಆಡೋ ಮಾತಿನ ಜಾಗಕ್ಕೆ ಪೆಟ್ಟಾಗಿದೆ. ಇದು ತಾನಾಗೇ ಬರೋದು. ಇದರಲ್ಲಿ ಅರ್ಥ ಹುಡುಕ್ಬೇಡಿ.”

“ಹಾಗಾದ್ರೆ ಒಳಗಡೆ ಅವರು ಇದ್ದಾರೋ ಇಲ್ವೋ?” ಎಂದು ಕೇಳಿದೆ.

“ಇರಬಹುದು. ಎಷ್ಟು ಅಂತ ಹೇಳೋಕಾಗಲ್ಲ” ಎಂದರು. ಒಳ್ಳೆಯ ಹೆಂಗಸು, ಸುಳ್ಳು ಹೇಳಲಿಲ್ಲ. ಆದರೆ ‘ಎಷ್ಟು’ ಎಂಬ ಆ ಪದ ನನ್ನ ತಲೆಗೆ ಹುಳದಂತೆ ಹೊಕ್ಕಿತು. ಮನುಷ್ಯ ಅರ್ಧ ಇರುವುದು, ಕಾಲು ಭಾಗ ಇರುವುದು ಅಂದರೆ ಏನು?

ನಾನು ದೇವರ ಜೊತೆ ಮಾತು ಬಿಟ್ಟದ್ದು ಆಗ. ಕಾಯಿಲೆ ಕೊಟ್ಟದ್ದಕ್ಕಲ್ಲ; ಕಾಯಿಲೆ ಯಾರಿಗೆ ಬರುವುದಿಲ್ಲ? ಇಷ್ಟು ದೊಡ್ಡ ಮಾತಿನ ಕಣಜದಲ್ಲಿ ಏನನ್ನಾದರೂ ಉಳಿಸಬಹುದಿತ್ತು. ನನ್ನ ಹೆಸರು ಉಳಿಸಬಹುದಿತ್ತು. ಒಂದು ‘ಹೂಂ’, ಒಂದು ‘ಊಹೂಂ’, ಹೋಗಲಿ, ನಾಲ್ಕು ಬೈಗುಳ. ಎಲ್ಲವನ್ನೂ ಗುಡಿಸಿಕೊಂಡು ಹೋಗಿ ತನಗೆ ಬರಬೇಕಾದ ಸ್ತೋತ್ರ ಒಂದನ್ನು ಮಾತ್ರ ಬಿಟ್ಟುಹೋದನಲ್ಲ, ಎಂಥ ಸ್ವಾರ್ಥ ಎನ್ನಿಸಿತು. ಹಾಗೆನ್ನಿಸಿದ್ದನ್ನು ಯಾರಿಗೂ ಹೇಳಲಿಲ್ಲ. ಭಾನುವಾರ ಇವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಚರ್ಚಿನ ಸಭೆಗೆ ಹೋಗುತ್ತಿದ್ದೆ, ಎಲ್ಲರೂ ಕಣ್ಣು ಮುಚ್ಚಿದಾಗ ನಾನು ಕಣ್ಣು ಬಿಟ್ಟುಕೊಂಡು ಫ್ಯಾನು ನೋಡುತ್ತಿದ್ದೆ.

ಸಭೆಯವರಿಗೆ ಮಾತ್ರ ಹಿಗ್ಗೋ ಹಿಗ್ಗು. ಮಾತೇ ಹೋದ ಮನುಷ್ಯ ಪ್ರಾರ್ಥನೆ ಮಾಡುತ್ತಾನೆ ಎಂಬ ಸುದ್ದಿ ಹಬ್ಬಿ, ಗುಂಪು ಗುಂಪಾಗಿ ಮನೆಗೆ ಬಂದರು. ಅವರಲ್ಲಿ ಗಡಿಯಾರ ರಿಪೇರಿ ಮಾಡುವ ಹಿರಿಯರೊಬ್ಬರು. ನಾವೆಲ್ಲ ಗಡಿಯಾರದ ತಾತ ಎನ್ನುತ್ತೇವೆ. ಮನಸ್ಸು ಬೆಣ್ಣೆ, ಕೈ ಮಾತ್ರ ಇಕ್ಕಳ. ಬಂದವರೇ ಇವರ ಬಲಭುಜವನ್ನು ಪ್ರೀತಿಯಿಂದ ಅಮುಕಿ ಹಿಡಿದರು. ಬಲಗೈಯಲ್ಲಿ ಶಕ್ತಿ ಇಲ್ಲವೇ ಹೊರತು ಭುಜದ ನೋವಿಗೇನೂ ಕೊರತೆ ಇರಲಿಲ್ಲ. ಇವರು ಕಿರುಚಿದರು, “ಕರ್ತನೇ! ಊಟ ನಿನ್ನದು!” ತಾತನ ಕಣ್ಣಲ್ಲಿ ನೀರು. ಇನ್ನಷ್ಟು ಅಮುಕಿದರು. “ಹಸಿವು ನಮ್ಮದು!” ಎಂದು ಇವರು ಒದ್ದಾಡಿದರು. “ಹಲ್ಲೆಲೂಯ!” ಎಂದು ತಾತ ಎರಡೂ ಕೈ ಹಾಕಿದರು. ನಾನು ಓಡಿಬಂದು ಬಿಡಿಸದಿದ್ದರೆ ಭುಜ ಅವರ ಕೈಗೇ ಬರುತ್ತಿತ್ತು. “ಪವಿತ್ರಾತ್ಮ ಬಲವಾಗಿ ಇಳಿದಿದೆ ತಂಗಿ” ಎಂದರು ತಾತ, ಬೆವರು ಒರೆಸಿಕೊಳ್ಳುತ್ತಾ. ಇವರು ನನ್ನ ಕಡೆ ನೋಡಿ ಮೆಲ್ಲನೆ, “ಆಮೆನ್” ಎಂದರು. ಆ ನೋಟದಲ್ಲಿ ಏನೋ ಇತ್ತು. ಅರ್ಥ ಹುಡುಕಬೇಡಿ ಎಂದು ಡಾಕ್ಟರಮ್ಮ ಹೇಳಿದ್ದರಲ್ಲ, ಹುಡುಕಲಿಲ್ಲ.

ನನಗೆ ಆಗ ಎಲ್ಲೂ ನಿಲ್ಲಲಾಗುತ್ತಿರಲಿಲ್ಲ. ನಾನು ಪರದೆ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ ಮಾಡುವವಳು. ಕಿಟಕಿಯ ಪರದೆ, ಬಾಗಿಲ ಪರದೆ, ದೊಡ್ಡ ಹೋಟೆಲುಗಳ ಅಟ್ಟದೆತ್ತರದ ಪರದೆ. ನೆರಿಗೆ ಹಿಡಿದು, ಲೈನಿಂಗ್ ಕೊಟ್ಟು, ಕೆಳಗಿನ ಅಂಚು ನೇರವಾಗಿ ಹೊಲಿಯಬೇಕು. ಅಂಚು ಒಂದಿಷ್ಟು ಓರೆಯಾದರೂ ನೇತುಹಾಕಿದ ಮೇಲೆ ಇಡೀ ಕೋಣೆಯೇ ವಾಲಿದಂತೆ ಕಾಣುತ್ತದೆ. ಮಿಷನ್ ಮುಂದೆ ಕೂತರೆ ಮನೆಯಲ್ಲಿ ಏನಾಗಿದೆಯೋ ಎಂದು, ಮನೆಗೆ ಓಡಿದರೆ ಕಾರ್ಖಾನೆಯಲ್ಲಿ ಏನನ್ನುತ್ತಾರೋ ಎಂದು ಜೀವ ಹೊಯ್ದಾಡುತ್ತಿತ್ತು. ಮಾಸ್ಟರ್ ಒಂದು ದಿನ ನನ್ನ ಪರದೆ ಎತ್ತಿ ಹಿಡಿದು, “ಏನಮ್ಮಾ ಇದು, ಅಂಚು ಕುಡಿದು ನಡೆದ ಹಾಗಿದೆಯಲ್ಲ” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಬಿಚ್ಚಿ ಹೊಲಿದೆ. ಅದೂ ಓರೆಯಾಯಿತು.

ಹಗಲು ಇವರನ್ನು ನೋಡಿಕೊಳ್ಳುತ್ತಿದ್ದದ್ದು ಇವರ ಅಕ್ಕ, ನನ್ನ ಅತ್ತಿಗೆ. ಹಿಂದಿನ ಬೀದಿಯಲ್ಲೇ ಒಬ್ಬರೇ ಇದ್ದರು. ಮೊಣಕಾಲು ನೋವು, ಬಿಪಿ, ಇದರ ಮೇಲೆ ದಪ್ಪ ಮೈಯ ತಮ್ಮನನ್ನು ಎತ್ತಿ ಕೂರಿಸಬೇಕು. ಒಂದು ಬುಧವಾರ ಸಂಜೆ ನಾನು ಮನೆಗೆ ಬರುತ್ತಲೂ ಹೊಸಿಲಲ್ಲೇ ತಡೆದರು.

“ನೋಡು, ಕೋಪ ಮಾಡ್ಕೋಬೇಡ. ಪಾದ್ರಿ ಜೊತೆ ಮಾತಾಡಿದ್ದೀನಿ. ಸಿಸ್ಟರುಗಳು ನಡೆಸೋ ಆರೈಕೆ ಮನೆಯಲ್ಲಿ ಒಂದು ಹಾಸಿಗೆ ಖಾಲಿ ಆಗಿದೆ. ಸೋಮವಾರ ಗಾಡಿ ಕಳಿಸ್ತಾರೆ. ನಾವು ಬೇಡ ಅಂದ್ರೆ ಅದು ಬೇರೆಯವರಿಗೆ ಹೋಗುತ್ತೆ, ಮತ್ತೆ ಸಿಗಲ್ಲ.”

“ಅಲ್ಲಿಗೆ ಹೋದವರು ವಾಪಸ್ ಬರ್ತಾರಾ ಅತ್ತಿಗೆ?”

“ಬರೋಕೆ ಏನಿದೆ ಅಂತ ಬರ್ಬೇಕು? ಅಲ್ಲೇ ಚೆನ್ನಾಗಿ ನೋಡ್ಕೋತಾರೆ. ನನ್ನ ಕೈಲಿ ಆಗಲ್ಲ ಕಣೇ. ನಿನ್ನ ಕೈಲಿ ಆಗುತ್ತಾ? ಕನ್ನಡಿ ನೋಡ್ಕೊಂಡಿದ್ದೀಯಾ?”

ನೋಡಿಕೊಂಡಿದ್ದೆ. ಅತ್ತಿಗೆ ಕೆಟ್ಟವರಲ್ಲ, ಆ ಮನೆಯೂ ಕೆಟ್ಟದ್ದಲ್ಲ. ನಾನೇ ಹಿಂದೊಮ್ಮೆ ಅಲ್ಲಿಗೆ ಪರದೆ ಹೊಲಿದುಕೊಟ್ಟಿದ್ದೆ, ನೆಲ ಲಕಲಕ ಎನ್ನುತ್ತಿತ್ತು. ಈ ಮೈಯೊಳಗೆ ಇರುವುದು ನಮ್ಮವರೇ ಎಂದು ಖಾತ್ರಿ ಇದ್ದಿದ್ದರೆ ಬೇರೆ ಮಾತು. ಖಾತ್ರಿ ಇರಲಿಲ್ಲ. ಯಾರನ್ನು ಉಳಿಸಿಕೊಳ್ಳುವುದಕ್ಕೆ ನಾನು ಸಾಯುತ್ತಿದ್ದೇನೆ ಎಂಬುದೇ ನನಗೆ ಗೊತ್ತಿರಲಿಲ್ಲ. “ಆಯ್ತು, ಗಾಡಿ ಬರಲಿ” ಎಂದೆ. ಅಂದವಳೇ ಚಪ್ಪಲಿ ಮೆಟ್ಟಿಕೊಂಡು ಹೊರಟೆ. ತರುವುದೇನೂ ಇರಲಿಲ್ಲ, ಆದರೂ ಅಂಗಡಿಬೀದಿಯನ್ನು ಎರಡು ಸುತ್ತು ಹಾಕಿ ಒಂದು ಬೆಂಕಿಪೊಟ್ಟಣ ಕೊಂಡು ಬಂದೆ.

ಇವರಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ. ಅತ್ತಿಗೆಯೇ ಹೇಳಿದರು. ನಾನು ಅಡುಗೆಮನೆಯಲ್ಲಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಾ ಕೇಳಿಸಿಕೊಂಡೆ. ಅತ್ತಿಗೆಯ ಮಾತು ಮುಗಿಯಿತು. ಆಮೇಲೆ ಇವರ ದನಿ, ಸಣ್ಣಗೆ, ಮಗು ಕತ್ತಲಲ್ಲಿ ಹೇಳಿಕೊಂಡಂತೆ: “ಕರ್ತನೇ, ಊಟ ನಿನ್ನದು, ಹಸಿವು ನಮ್ಮದು...” ಮುಂದಕ್ಕೆ ಹೋಗಲಿಲ್ಲ. ಗುರುವಾರ, ಶುಕ್ರವಾರ, ಶನಿವಾರ ಮನೆಯಲ್ಲಿ ನಾನು ನೆಲಕ್ಕೆ ಕಾಲೂರಿದ ನೆನಪೇ ಇಲ್ಲ. ಅವರ ಅಂಗಿಗಳಿಗೆ ಗುಂಡಿ ಹಾಕಿದೆ, ಬ್ಯಾಗಿಗೆ ತುಂಬಿದೆ, ತೆಗೆದೆ, ಇಸ್ತ್ರಿ ಮಾಡಿ ಮತ್ತೆ ತುಂಬಿದೆ. ಅವರ ಕಣ್ಣು ನಾನು ಹೋದಲ್ಲೆಲ್ಲ ಹಿಂಬಾಲಿಸುತ್ತಿತ್ತು. ನಾನು ತಲೆ ಎತ್ತಲಿಲ್ಲ.

ಭಾನುವಾರ ಆರಾಧನೆ ಮುಗಿದ ಮೇಲೆ ಚರ್ಚಿನ ಹಿಂದಿನ ಹಾಲ್‌ನಲ್ಲಿ ಎಲ್ಲರಿಗೂ ಊಟ. ಇವರನ್ನು ಕಳಿಸಿಕೊಡುವುದಕ್ಕೆಂದೇ ಸಭೆಯವರು ಇಟ್ಟುಕೊಂಡದ್ದು. ಉದ್ದನೆಯ ಮೇಜುಗಳು, ಕಬ್ಬಿಣದ ಕುರ್ಚಿಗಳು, ಗೋಡೆ ಬದಿಯಲ್ಲಿ ಮುಚ್ಚಿಟ್ಟ ಪಾತ್ರೆಗಳು. ಇವರ ಗಾಲಿಕುರ್ಚಿಯನ್ನು ಎಲ್ಲಕ್ಕಿಂತ ಮುಂದಿನ ಮೇಜಿಗೆ ಮದುಮಗನಂತೆ ತಂದು ನಿಲ್ಲಿಸಿದ್ದರು. ಅತ್ತಿಗೆ ಪಕ್ಕದಲ್ಲಿ, ಎದುರಿಗೆ ಗಡಿಯಾರದ ತಾತ. ನನಗೆ ಅವರ ಹತ್ತಿರ ಕೂರಲಾಗದೆ ನೀರಿನ ಜಗ್ ಹಿಡಿದುಕೊಂಡು ಅತ್ತಿಂದಿತ್ತ ಓಡಾಡುತ್ತಿದ್ದೆ.

ಪಾದ್ರಿಯವರು, ನಮಗಿಂತ ಬಹಳ ಚಿಕ್ಕವರು, ಎದ್ದು ನಿಂತು ನಾಲ್ಕು ಒಳ್ಳೆಯ ಮಾತು ಹೇಳಿದರು. “ನಮ್ಮ ಸಹೋದರರು ನಾಳೆ ಹೊರಡ್ತಾರೆ. ದೇವರು ಅವರ ನಾಲಿಗೆಯಲ್ಲಿ ಉಳಿಸಿರೋ ಪ್ರಾರ್ಥನೆಯನ್ನ ನಾವು ಇನ್ನೊಂದ್ಸಲ ಕೇಳೋಣ. ಎಲ್ಲರೂ ಕಣ್ಣು ಮುಚ್ಚಿ.”

ಎಲ್ಲರೂ ತಲೆ ತಗ್ಗಿಸಿ ಕಣ್ಣು ಮುಚ್ಚಿದರು. ನಾನು ಜಗ್ ಹಿಡಿದು ನಿಂತೇ ಇದ್ದೆ. ಕಣ್ಣು ಬಿಟ್ಟುಕೊಂಡಿದ್ದವರು ಇಬ್ಬರೇ: ನಾನು, ಮತ್ತೆ ಇವರು.

“ಕರ್ತನೇ” ಎಂದರು.

ನಿಲ್ಲಿಸಿದರು. ಹಾಲ್‌ನ ಆ ತುದಿಯಿಂದ ಈ ತುದಿಯವರೆಗೆ ಒಂದು ಸಲ ಕಣ್ಣಾಡಿಸಿದರು. ಆಮೇಲೆ ಎಡಗೈ ಎತ್ತಿ ತಮ್ಮ ಎದೆಯನ್ನೇ ತಟ್ಟಿಕೊಂಡರು, ಎರಡು ಸಲ. ಮಾರುಕಟ್ಟೆಯಲ್ಲಿ ಮೂಟೆ ತಟ್ಟುವುದು ಹಾಗೆ. ಇಗೋ, ಈ ಮಾಲು ಬಂದಿದೆ, ನೋಡಿಕೊಳ್ಳಿ ಎನ್ನುವುದು ಹಾಗೆ.

“ಊಟನಿನ್ನದು ಊಟನಿನ್ನದು ಊಟನಿನ್ನದು, ಹಸಿವುನಮ್ಮದು, ಊಟನಿನ್ನದು...”

ಅದು ಪ್ರಾರ್ಥನೆಯ ರಾಗವಲ್ಲ. ಮದುವೆಯಾದ ಹೊಸದರಲ್ಲಿ ತಿಂಡಿಯ ಡಬ್ಬಿ ಹಿಡಿದು ಮಾರುಕಟ್ಟೆಯಲ್ಲಿ ನಿಂತು ನಾನು ಕೇಳಿದ್ದ ರಾಗ. ಒಂದೇ ಉಸಿರಿನಲ್ಲಿ ಓಡಿ, ತುದಿಯಲ್ಲಿ ತಟ್ಟನೆ ಏರಿ, ಯಾರ ಮೇಲಾದರೂ ನಿಂತು ಕಾಯುವ ರಾಗ. ಮಾರುಕಟ್ಟೆಯಲ್ಲಿ ಕೊಳ್ಳುವವರು ಸಾಮಾನ್ಯವಾಗಿ ಬಾಯಿ ಬಿಡುವುದಿಲ್ಲ. ಒಬ್ಬ ಮೂಗು ತುರಿಸುತ್ತಾನೆ, ಒಬ್ಬ ಕಣ್ಣು ಒರೆಸುತ್ತಾನೆ, ಅದೇ ಬೆಲೆ ಏರಿಸುವ ಸನ್ನೆ; ಕೂಗುವವನು ಅದನ್ನು ಕಣ್ಣಲ್ಲೇ ಹಿಡಿಯಬೇಕು. ಗಡಿಯಾರದ ತಾತ, ಕಣ್ಣು ಮುಚ್ಚಿಕೊಂಡೇ, ಮೂಗು ತುರಿಸಿದರು. ಇವರ ಕಣ್ಣು ಫಳಕ್ಕನೆ ಅತ್ತ ತಿರುಗಿತು, ಹುಬ್ಬು ಮೇಲೇರಿತು: ಬಂತು, ತಾತನದೊಂದು ಬಂತು! “ಹಸಿವುನಮ್ಮದು ಹಸಿವುನಮ್ಮದು!” ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಬೆರಳು ಅತ್ತಿಗೆಯ ಕಡೆ ಹೋಯಿತು: ಅಕ್ಕ ಬೆಲೆ ಇನ್ನೂ ಏರಿಸಿದಳು! ಪಾದ್ರಿಯವರು ಕತ್ತು ಕೆರೆದುಕೊಂಡರು. ಓಹೋ, ಪಾದ್ರಿಯೂ ಬಂದರು! ತಮಗೆ ಗೊತ್ತೇ ಇಲ್ಲದೆ ಇಡೀ ಸಭೆ ನನ್ನ ಗಂಡನನ್ನು ಹರಾಜಿನಲ್ಲಿ ಕೊಳ್ಳುತ್ತಿತ್ತು. ಭಕ್ತಿಯಿಂದ ಎಲ್ಲರ ತಲೆಯೂ ತೂಗುತ್ತಿತ್ತು. ನನಗೆ ಹೊಟ್ಟೆಯಿಂದ ನಗು ಒತ್ತರಿಸಿಕೊಂಡು ಬಂತು. ಇದ್ದಾರೆ! ಕಾಲು ಭಾಗವೂ ಅಲ್ಲ, ಅರ್ಧವೂ ಅಲ್ಲ, ಆ ತುಂಟ ಮನುಷ್ಯ ಪೂರ್ತಿ ಇದ್ದಾರೆ! ಇಷ್ಟು ದಿನವೂ ಇದ್ದರು. ಆ ಒಂದೇ ಸಾಲಿನಲ್ಲಿ ನೀರು ಕೇಳಿದ್ದರು, ಬೈದಿದ್ದರು, ತಾತನನ್ನು ಹಾಸ್ಯ ಮಾಡಿದ್ದರು, ಮೊನ್ನೆ ಅತ್ತಿದ್ದರು.

ಆಗ ಅವರ ಕಣ್ಣು ನನ್ನ ಮೇಲೆ ಬಿತ್ತು.

ತಮಾಷೆ ಅಲ್ಲಿಗೆ ಮುಗಿಯಿತು. ರಾಗ ನಿಧಾನವಾಯಿತು. “ಎರಡನ್ನೂ” ಎಂದರು. ಹರಾಜಿನ ಕೊನೆಯಲ್ಲಿ ‘ಒಂದನೇ ಸಲ’ ಎಂದು ಕೂಗುವ ಹಾಗೆ. ನನ್ನನ್ನೇ ನೋಡುತ್ತಿದ್ದರು. “ಒಂದೇ ಮೇಜಿಗೆ” ಎಂದರು. ಎರಡನೇ ಸಲ. ಎಡಗೈ ಮೇಜಿನ ಮೇಲೆ ಎತ್ತಿ ಹಿಡಿದಿದ್ದರು. ಅದು ಬಿದ್ದರೆ ವ್ಯಾಪಾರ ಮುಗಿದ ಹಾಗೆ. ಅವರ ಮುಖದಲ್ಲಿ ಅಷ್ಟು ಹೆದರಿಕೆಯನ್ನು ನಾನು ಎಂದೂ ನೋಡಿರಲಿಲ್ಲ. “ತಂದಿದ್ದಕ್ಕೆ” ಎಂದು ಎಳೆದರು, ಎಳೆಯುತ್ತಲೇ ಇದ್ದರು, ನನಗಾಗಿ ಕಾಯುತ್ತಾ.

ಮೂಗು ತುರಿಸುವಷ್ಟು ವ್ಯವಧಾನ ನನಗಿರಲಿಲ್ಲ. ಜಗ್ ಕೆಳಗಿಟ್ಟು ಕೈಯನ್ನೇ ಎತ್ತಿದೆ, ಭುಜದ ಕೀಲು ಎಷ್ಟು ಬಿಡುತ್ತದೋ ಅಷ್ಟೂ ಎತ್ತರಕ್ಕೆ.

“ಸ್ತೋತ್ರ, ಆಮೆನ್!” ಅಂಗೈ ಮೇಜಿಗೆ ಬಡಿಯಿತು, ಲೋಟಗಳು ಹಾರಿದವು.

“ಆಮೆನ್!” ಎಂದು ಸಭೆಯೆಲ್ಲ ಕಣ್ಣು ತೆರೆಯಿತು. ನಾನು ಕೈ ಎತ್ತಿಕೊಂಡು, ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸಿಕೊಂಡು, ನಗುತ್ತಾ ನಿಂತಿದ್ದೆ. “ತಂಗಿ ಕೈ ಎತ್ತಿದಳು! ತಂಗಿಯನ್ನ ದೇವರು ಮುಟ್ಟಿದ!” ಎಂದು ತಾತ ಕುರ್ಚಿಯಿಂದ ಎದ್ದೇಬಿಟ್ಟರು. ಎಷ್ಟೋ ತಿಂಗಳಿಂದ ಆ ಮನುಷ್ಯ ಒಂದನ್ನೂ ಸರಿಯಾಗಿ ಅರ್ಥ ಮಾಡಿಕೊಂಡಿರಲಿಲ್ಲ. ಇದನ್ನೊಂದು ಸರಿಯಾಗಿ ಹೇಳಿದರೇನೋ.

“ಏನಾದ್ರೂ ಹೇಳ್ತೀರಾ ಅಕ್ಕ?” ಎಂದರು ಪಾದ್ರಿ.

“ಹೇಳ್ತೀನಿ. ನಾಳೆ ಗಾಡಿ ಬೇಡ.”

ಅಂಗಳದಲ್ಲಿ ಅತ್ತಿಗೆ ನನ್ನನ್ನು ಹಿಡಿದುಕೊಂಡರು. “ತಲೆ ಕೆಟ್ಟಿದೆಯಾ ನಿಂಗೆ? ಒಂದು ಹೊತ್ತಿನ ಆವೇಶಕ್ಕೆ ಹಾಸಿಗೆ ಕಳ್ಕೊಂಡೆಯಲ್ಲ!”

“ಅವರು ಒಳಗೆ ಇದ್ದಾರೆ ಅತ್ತಿಗೆ. ಹರಾಜು ಕೂಗಿದ್ರು. ತಮ್ಮನ್ನೇ ಕೂಗ್ಕೊಂಡ್ರು. ನೀವೆಲ್ಲ ಕಣ್ಣು ಮುಚ್ಚಿದ್ರಿ.”

“ಪ್ರಾರ್ಥನೇಲಿ ಕಣ್ಣು ಮುಚ್ಚದೆ ಇನ್ನೇನು ಮುಚ್ತಾರೆ? ಇರಲಿ, ಇದ್ದಾರೆ ಅಂತಾನೇ ಇಟ್ಕೋ. ನಾಳೆ ಎತ್ತೋರು ಯಾರು? ನನ್ನ ಮೊಣಕಾಲು ಇದನ್ನೆಲ್ಲ ಕೇಳಲ್ಲ.” ಹೇಳಿ ಅತ್ತಿಗೆ ಕುಂಟುತ್ತಾ ಹೊರಟುಹೋದರು.

ಅತ್ತಿಗೆ ಹೇಳಿದ್ದು ಎಷ್ಟು ನಿಜ ಎನ್ನುವುದು ಸಂಜೆಯೊಳಗೇ ಚೆನ್ನಾಗಿ ಗೊತ್ತಾಯಿತು. ಸ್ನಾನದ ಮನೆಗೆ ಕರೆದುಕೊಂಡು ಹೋಗುವಾಗ ನನ್ನ ಹಿಡಿತ ಜಾರಿ ಇಬ್ಬರೂ ಬಿದ್ದೆವು. ಅವರ ಹಣೆಗೆ ತರಚಿತು, ಬಟ್ಟೆ ಕೆಟ್ಟಿತು, ನನ್ನ ಸೊಂಟ ಹಿಡಿದುಕೊಂಡಿತು. ಅವರು ಬಚ್ಚಲ ನೆಲದ ಮೇಲೆ ಬಿದ್ದಲ್ಲಿಂದಲೇ ಜೋರಾಗಿ ಊಟದ ಪ್ರಾರ್ಥನೆ ಮಾಡುತ್ತಿದ್ದರು. ಈ ಸಲ ಅದು ಬರೀ ಬೈಗುಳ, ನನಗೇ. ಅಷ್ಟು ಸ್ಪಷ್ಟವಾಗಿ ಅರ್ಥವಾಗುತ್ತಿತ್ತು. ಪಕ್ಕದ ಮನೆಯ ಲಾರಿ ಡ್ರೈವರನ್ನು ಕೂಗಿ ಎತ್ತಿಸಿ, ತೊಳೆದು, ಒರೆಸಿ ಮಲಗಿಸುವಷ್ಟರಲ್ಲಿ ಮಧ್ಯಾಹ್ನದ ನನ್ನ ಶೌರ್ಯವೆಲ್ಲ ಬಚ್ಚಲ ನೀರಿನ ಜೊತೆ ಹರಿದುಹೋಗಿತ್ತು. ಇದ್ದರೇನಂತೆ? ಇರುವವರನ್ನು ಎತ್ತುವುದೂ ಇಲ್ಲದವರನ್ನು ಎತ್ತುವುದೂ ಒಂದೇ ಭಾರ. ಪಾದ್ರಿಗೆ ಫೋನ್ ಮಾಡಿದರೆ ಹಾಸಿಗೆ ಇನ್ನೂ ಇರಬಹುದು ಎನ್ನಿಸಿತು. ಫೋನ್ ಹಿಡಿದುಕೊಂಡು ಬೀದಿಗಿಳಿದೆ.

ಒಂದು ಸುತ್ತು ನಡೆದೆ. ಔಷಧಿ ಅಂಗಡಿ, ಸೈಕಲ್ ಅಂಗಡಿ, ಮುಚ್ಚಿದ ಶಾಲೆಯ ಗೇಟು. ನಂಬರು ಒತ್ತಿದೆ, ರಿಂಗ್ ಆಗುವ ಮೊದಲೇ ಕತ್ತರಿಸಿದೆ. ಇನ್ನೊಂದು ಸುತ್ತು. ಮಧ್ಯಾಹ್ನ ಎತ್ತಿದ ಕೈಯನ್ನು ಸಂಜೆ ಇಳಿಸಿದರೆ ಅವರು ಯಾವ ರಾಗದಲ್ಲಿ ಏನು ಹೇಳುತ್ತಾರೆ ಎಂದು ಯೋಚಿಸಿದೆ. ಏನೂ ಹೇಳಲಾರರು, ಸುಮ್ಮನಾಗಿಬಿಡುತ್ತಾರೆ. ಶಕ್ತಿ ಇಲ್ಲ, ಉಪಾಯ ಇಲ್ಲ, ಬಿಡುವ ಮನಸ್ಸೂ ಇಲ್ಲ. ಕಾಲು ಸೋತು ಮನೆಗೆ ಬಂದೆ.

ಸೊಂಟ ಹಿಡಿದುಕೊಂಡೇ ಹೇಗೋ ಅವರನ್ನು ಎಬ್ಬಿಸಿ ಕುರ್ಚಿಗೆ ಕೂರಿಸಿ ಮೇಜಿನ ಹತ್ತಿರ ತಳ್ಳಿಕೊಂಡು ಬಂದೆ. ಎರಡು ತಟ್ಟೆ ಹಾಕಿದೆ. ಹಣೆಯ ಮೇಲೆ ಬ್ಯಾಂಡೇಜು ಕಟ್ಟಿಕೊಂಡು ಕೂತಿದ್ದರು. ಪ್ರಾರ್ಥನೆಗೆ ಕಾದೆ. ದಿನವಿಡೀ ಬೇಕಾಗಲಿ ಬೇಡವಾಗಲಿ ಅದನ್ನೇ ಹೇಳುತ್ತಿದ್ದವರು, ನಿಜವಾಗಿ ಊಟದ ಮುಂದೆ ಕೂತಾಗ ತುಟಿ ಬಿಗಿದುಕೊಂಡಿದ್ದರು.

“ಹೇಳಿ ಮತ್ತೆ, ಆರಿಹೋಗುತ್ತೆ.”

ಒಲ್ಲೆ ಎಂದು ತಲೆಯಾಡಿಸಿದರು. ಎಡಗೈಯ ಬೆರಳು ನನ್ನ ಕಡೆ ಬಂತು.

“ನನ್ನ ಕೈಲಾಗಲ್ಲ” ಎಂದೆ. ಬೆರಳು ಇಳಿಯಲಿಲ್ಲ.

ಹಾಳಾಗಲಿ ಎಂದು ಶುರುಮಾಡಿದೆ. “ಕರ್ತನೇ” ಎಂದೆ. ಮಾತು ಬಿಟ್ಟವರನ್ನು ನಡುಬೀದಿಯಲ್ಲಿ ಅಡ್ಡಗಟ್ಟಿದ ಹಾಗಿತ್ತು ನನ್ನ ದನಿ. “ಊಟ ನಿನ್ನದು.” ಹೌದು, ಕೊಡುವವನು ನೀನು, ಕಿತ್ತುಕೊಳ್ಳುವವನೂ ನೀನು, ಎತ್ತುವ ಸೊಂಟ ಮಾತ್ರ ನನ್ನದು! ಇದನ್ನೆಲ್ಲ ಬಾಯಲ್ಲಿ ಹೇಳಲಿಲ್ಲ. ಹೇಳಬೇಕಾಗಿರಲಿಲ್ಲ. ಆ ಎರಡು ಪದಗಳೊಳಗೆ ಅಷ್ಟೂ ಹಿಡಿಸಿತು. ಎದುರಿಗೆ ಕೂತವರು ಇಷ್ಟು ತಿಂಗಳು ಮಾಡಿದ್ದೂ ಇದನ್ನೇ. “ಹಸಿವು ನಮ್ಮದು” ಎಂದೆ. ನನ್ನ ಹತ್ತಿರ ತರುವುದಕ್ಕೆ ಬೇರೇನೂ ಇರಲಿಲ್ಲ. ಧೈರ್ಯವಿಲ್ಲ, ನಂಬಿಕೆ ಇದೆಯೋ ಇಲ್ಲವೋ ತಿಳಿಯದು. ಬರಿಗೈಯಲ್ಲಿ ಬರುವವರಿಗೇ ಎಂದು ಅತ್ತೆ ಈ ಸಾಲು ಕಟ್ಟಿದ್ದರೇ ಎಂದು ಮೊದಲ ಸಲ ಹೊಳೆಯಿತು. ಇಷ್ಟು ದಿನ ದೇವರ ಮೇಲೆ ನಾನು ಹೊರಿಸಿದ್ದ ಸ್ವಾರ್ಥ ನೆನಪಾಯಿತು. ಎಲ್ಲವೂ ಹೋದಾಗ ಹಿಡಿದುಕೊಳ್ಳಲು ದೇವರು ಅವರಿಗೆ ಈ ಸಾಲೊಂದನ್ನು ಬಿಟ್ಟಿದ್ದ. ಅದರ ಇನ್ನೊಂದು ತುದಿ ನನಗೂ ಸಿಕ್ಕಿತ್ತು, ನಾನು ಹಿಡಿದಿರಲಿಲ್ಲ.

“ಎರಡನ್ನೂ ಒಂದೇ ಮೇಜಿಗೆ ತಂದಿದ್ದಕ್ಕೆ...”

ನಿಂತೆ. ಮುಂದಿನ ಪದ ಗೊತ್ತು, ಬಾಯಿಗೆ ಬರಲಿಲ್ಲ. ಅವರ ಹಣೆಯ ಗಾಯ ಎದುರಿಗೇ ಇತ್ತು, ನಾಳೆಯೂ ಎದುರಿಗೇ ಇತ್ತು. ಸುಳ್ಳು ಹೇಳಲಾರೆ ಎನ್ನಿಸಿತು. ಇನ್ನೊಮ್ಮೆ ಪ್ರಯತ್ನಿಸಿದೆ. ತುಟಿ ಅಲುಗಿತು, ಸದ್ದು ಹೊರಡಲಿಲ್ಲ. ಅವರು ಕಾದರು. ಅವಸರ ಮಾಡಲಿಲ್ಲ, ನೀರಿನ ಲೋಟ ಕೊಡಲಿಲ್ಲ, ದಿಂಬು ಸರಿಸಲಿಲ್ಲ. ನನಗೆ ಬೇಕಾದದ್ದು ಏನೆಂದು ಅವರಿಗೆ ಗೊತ್ತಿತ್ತು. ಮೇಜಿನ ಮೇಲಿಂದ ಎಡಗೈ ಚಾಚಿ ನನ್ನ ಮುಂಗೈ ಹಿಡಿದರು.

“ಸ್ತೋತ್ರ” ಎಂದರು. ಹಿಂದಿಲ್ಲ, ಮುಂದಿಲ್ಲ, ಆ ಒಂದೇ ಪದ. ಕಷ್ಟಪಟ್ಟು, ಹೆಕ್ಕಿ ತೆಗೆದು, ನನ್ನ ಬದಲಿಗೆ.

“ಆಮೆನ್” ಎಂದೆ ನಾನು.